ವಿಷ ಕಾಣದ ವಂಶಕ್ಕೆ ತೋಳು ಕೊಟ್ಟಾಕೆ

ಕಾಗೆಗಳು ಇನ್ನೂ ಗಂಟಲು ಸರಿ ಮಾಡಿಕೊಳ್ಳುತ್ತಿರುವ ಹೊತ್ತು. ಹಳೆಯ ಕಟ್ಟಡವೊಂದರ ಹಿಂಬಾಗಿಲನ್ನು ಒಬ್ಬ ಹೆಂಗಸು ಭುಜ ಕೊಟ್ಟು ನೂಕುತ್ತಾರೆ. ಒಳಗೆ ಇನ್ನೊಂದು ಬಾಗಿಲು. ಎರಡರ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ, ಒಂದು ನಲ್ಲಿ. ಎಡತೋಳನ್ನು ಮೊಣಕೈ ದಾಟುವ ತನಕ ಬರೀ ನೀರಿನಲ್ಲಿ ತೊಳೆಯುತ್ತಾರೆ. ಸೋಪು ಮುಟ್ಟುವುದಿಲ್ಲ. ಒಳಗಿನ ಕೋಣೆ ಮಧ್ಯಾಹ್ನದ ಅಡಿಗೆಮನೆಯ ಹಾಗೆ ಬೆಚ್ಚಗೆ, ತೇವ ತೇವ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಅದರ ತುಂಬ ಬಲೆ ಹೊದಿಸಿದ ಪಂಜರಗಳ ಸಾಲು. ಎಲ್ಲವೂ ಖಾಲಿ. ಕೊನೆಯ ಮೂಲೆಯ ಒಂದರಲ್ಲಿ ಮಾತ್ರ ಜೀವವಿದೆ.

"ಎದ್ದೇಳ್ರೇ, ತಿಂಡಿ ಬಂತು" ಅನ್ನುತ್ತಾ ಬಲೆಗೆ ಬಾಯಿ ಹತ್ತಿರ ಹಿಡಿದು ಒಮ್ಮೆ ಉಸಿರು ಬಿಡುತ್ತಾರೆ. ಉಸಿರು ತಾಗಿದ್ದೇ ತಡ, ಒಳಗಿನ ಸೊಳ್ಳೆಗಳೆಲ್ಲ ಮದುವೆಮನೆಯ ಊಟದ ಬಾಗಿಲು ತೆಗೆದ ಹಾಗೆ ನುಗ್ಗುತ್ತವೆ. ಪಂಜರದ ಬಟ್ಟೆಯ ಬಾಯಿಯೊಳಗೆ ತೋಳು ಹೋಗುತ್ತದೆ. ನೋಡುವಷ್ಟರಲ್ಲಿ ಬಿಳಿ ಪಟ್ಟೆಯ ಕಪ್ಪು ಕಾಲುಗಳು ತೋಳಿನ ತುಂಬ. ಹೊಟ್ಟೆಗಳು ಒಂದೊಂದಾಗಿ ಕೆಂಪಾಗಿ ಉಬ್ಬುತ್ತವೆ. ತೋಳಿನ ಒಡತಿ ಮಾತ್ರ ಬಸ್ಸಿಗೆ ಕಾಯುವವರ ಮುಖ ಮಾಡಿಕೊಂಡು ಗೋಡೆ ನೋಡುತ್ತಾ ಕೂತಿದ್ದಾರೆ.

ನೋವಾಗುವುದಿಲ್ಲವೇ ಎಂದರೆ, "ಇಲ್ಲಪ್ಪಾ, ಮುತ್ತು ಕೊಡ್ತಾವೆ" ಅಂತ ನಗುತ್ತಾರೆ. ಆಮೇಲೆ ದನಿ ಇಳಿಸಿ, "ಮೊದಮೊದಲು ಆಗ್ತಿತ್ತು. ಈಗ ತೋಳಿಗೂ ಗೊತ್ತು, ಇದು ಡ್ಯೂಟಿ ಅಂತ."

ಸೊಳ್ಳೆ ಔಷಧಿಗಳನ್ನು ಪರೀಕ್ಷಿಸುವ ಈ ಕೇಂದ್ರದಲ್ಲಿ ಎಲ್ಲರೂ ಇವರನ್ನು ಕರೆಯುವುದು ಸೊಳ್ಳಕ್ಕ ಎಂದೇ. ಹೆತ್ತವರಿಟ್ಟ ಹೆಸರು ಸಂಬಳದ ದಿನ ಸಹಿ ಮಾಡುವುದಕ್ಕೆ ಮಾತ್ರ. ಲೋಕದಲ್ಲಿ ಕೈ ಕೊಟ್ಟವರು ಬಹಳ ಜನ ಇದ್ದಾರೆ. ಹೀಗೆ ದಿನಾ ಬೆಳಗ್ಗೆ ತೋಳು ಕೊಟ್ಟವರು ಈ ಊರಿನ ಮಟ್ಟಿಗೆ ಇವರೊಬ್ಬರೇ. ಆದರೆ ಆ ತೋಳಿಗೂ ಈಗ ಕೊನೆಯ ದಿನಗಳು ಬಂದಿವೆ. ತಿಂಗಳ ಕೊನೆಗೆ ಈ ಕೋಣೆಗೆ ಬೀಗ. ಅಷ್ಟರೊಳಗೆ ಮೂಲೆಯ ಪಂಜರದಲ್ಲಿರುವ ವಂಶಕ್ಕೆ ಒಂದು ನೆಲೆ ಸಿಗಬೇಕು. ಸಿಗದಿದ್ದರೆ ಫ್ರಿಜ್ಜಿನ ಐಸ್ ಪೆಟ್ಟಿಗೆ.

ಸೊಳ್ಳೆ ಸತ್ತರೆ ಸಾಯಲಿ, ಊರಲ್ಲಿ ಬರಗಾಲವೇ ಅಂತ ನೀವು ಕೇಳಬಹುದು. ಈ ಊರಿನ ಸೊಳ್ಳೆ ಅಂದರೆ ಸಾಮಾನ್ಯವಲ್ಲ. ಸಂಜೆ ಹೊತ್ತು ಎರಡು ಸೇರಿಕೊಂಡರೆ ಮಲಗಿದವರನ್ನು ಮಂಚದ ಸಮೇತ ಎತ್ತಿ ಆಚೆ ಇಟ್ಟು, ಹಾಸಿಗೆಯಲ್ಲಿ ತಾವು ಮಲಗುತ್ತವೆ ಅಂತ ಬೀದಿಯವರು ಹೇಳುತ್ತಾರೆ. ಮಂಚದ ಮಾತನ್ನು ನೀವು ನಂಬದಿದ್ದರೂ, ಅವುಗಳ ಗಟ್ಟಿತನವನ್ನು ನಂಬಲೇಬೇಕು. ಅಷ್ಟು ಔಷಧಿ ಕುಡಿದು ಬೆಳೆದಿವೆ ಅವು. ಪಂಜರದೊಳಗಿನವು ಹಾಗಲ್ಲ. ಸೊಳ್ಳಕ್ಕ ಕೆಲಸಕ್ಕೆ ಸೇರುವುದಕ್ಕೂ ಎಷ್ಟೋ ಮುಂಚೆ ಹಿಡಿದು ತಂದ ಸೊಳ್ಳೆಗಳ ಮಕ್ಕಳ ಮಕ್ಕಳ ಮಕ್ಕಳು. ಅಂದಿನಿಂದ ಇಂದಿನವರೆಗೆ ಒಂದು ತಲೆಮಾರೂ ವಿಷದ ವಾಸನೆ ಕಂಡಿಲ್ಲ. ರೋಗಿಯನ್ನು ಕಚ್ಚಿಲ್ಲ. ಈ ಕೋಣೆಯಲ್ಲೇ ಹುಟ್ಟಿ, ಇಲ್ಲೇ ಮೊಟ್ಟೆಯಿಟ್ಟು, ಇಲ್ಲೇ ಸತ್ತ ಸಭ್ಯ ಕುಟುಂಬ.

ಈ ಸಭ್ಯತೆಯೇ ಅದರ ಬೆಲೆ. ಅಂಗಡಿಯವನ ತಕ್ಕಡಿ ಸರಿಯೋ ತಪ್ಪೋ ನೋಡಬೇಕಾದರೆ ಸವೆಯದ ತೂಕದ ಬಟ್ಟು ಒಂದು ಬೇಕಲ್ಲ? ಹಾಗೆ. ಹೊಸ ಔಷಧಿಯೊಂದು ಬಂದಾಗ ಒಂದು ಗಾಜಿನ ಕೊಳವೆಯಲ್ಲಿ ಈ ವಂಶದ ಸೊಳ್ಳೆ, ಇನ್ನೊಂದರಲ್ಲಿ ಬೀದಿಯ ಸೊಳ್ಳೆ ಬಿಟ್ಟು ಎರಡಕ್ಕೂ ಅದೇ ಔಷಧಿ ತಾಗಿಸುತ್ತಾರೆ. ಇಲ್ಲಿಯವು ಸತ್ತು ಬೀದಿಯವು ಬದುಕಿದರೆ, ಬೀದಿಯಲ್ಲಿ ಆ ಔಷಧಿ ಕೆಲಸಕ್ಕೆ ಬಾರದು ಎಂದರ್ಥ. ಬಟ್ಟು ಕಳೆದುಹೋದರೆ ಯಾವ ಔಷಧಿ ಒಳ್ಳೆಯದು, ಯಾವುದು ಬರೀ ಬಣ್ಣದ ನೀರು ಎಂದು ತೂಗಿ ಹೇಳುವವರು ಇರುವುದಿಲ್ಲ.

ಸೊಳ್ಳಕ್ಕ ಇಲ್ಲಿಗೆ ಬಂದದ್ದು ನೆಲ ಒರೆಸುವುದಕ್ಕೆ. ಆಗ ತೋಳು ಕೊಡುತ್ತಿದ್ದವರು ಒಬ್ಬ ಮುದುಕರು. ಎಲ್ಲರೂ ತಾತ ಅನ್ನುತ್ತಿದ್ದರು. ತಾತನಿಗೆ ಹೃದಯದ ಕಾಯಿಲೆ ಬಂದು ರಕ್ತ ತೆಳುವಾಗುವ ಮಾತ್ರೆ ಶುರುವಾದಾಗ, ಇನ್ನು ತೋಳು ಕೊಡಬೇಡಿ ಎಂದರು ಡಾಕ್ಟರು. ಕೇಂದ್ರದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓದಿದವರಲ್ಲೊಬ್ಬರಿಗೆ ತೋಳು ತುಂಬ ಬೊಬ್ಬೆ ಎದ್ದಿತು. ಇನ್ನೊಬ್ಬರು ಪಂಜರದ ಹತ್ತಿರ ಹೋದವರೇ ಹೆಂಡತಿಯ ಹೆಸರು ಕೂಗಿ ಬಿದ್ದರು.

"ನಾನು ಬಕೆಟ್ ಹಿಡ್ಕೊಂಡು ನಿಂತಿದ್ದೆ. ತಾತ ನನ್ನ ನೋಡಿ, 'ನೀನು ಬಾ ತಾಯಿ, ಒಂದ್ಸಲ ಇಡು ನೋಡೋಣ' ಅಂದ್ರು. ಇಟ್ಟೆ. ಅವು ಕುಡಿದ್ವು. ನಂಗೆ ಏನೂ ಆಗ್ಲಿಲ್ಲ. 'ಅವಕ್ಕೆ ನೀನು ಹಿಡಿಸಿದ್ದೀಯ, ಇನ್ನು ಬಿಡಲ್ಲ' ಅಂದ್ರು ತಾತ. ನನ್ನ ನೋಡೋಕೆ ಬಂದ ಗಂಡಿನ ಕಡೆಯವರೂ ಇಷ್ಟು ಬೇಗ ಒಪ್ಪಿರ್ಲಿಲ್ಲ."

ತಾತ ಈಗಿಲ್ಲ. ಅವರು ಹೇಳಿಕೊಟ್ಟ ಕೆಲಸ ಹಾಗೇ ನಡೆದಿದೆ. ತೋಳು ಕೊಟ್ಟು ಮುಗಿದ ಮೇಲೆ ಗಂಡು ಸೊಳ್ಳೆಗಳಿಗೆ ಸಕ್ಕರೆ ನೀರಿನ ಹತ್ತಿ. ಗಂಡು ಕಚ್ಚುವುದಿಲ್ಲ. "ಹಾರಾಡೋದು, ಸಿಹಿ ತಿನ್ನೋದು, ಅಷ್ಟೇ. ನಮ್ಮನೆಯವರನ್ನ ನೋಡಿದ ಹಾಗಾಗುತ್ತೆ." ಆಮೇಲೆ ಒದ್ದೆ ಕಾಗದದ ಮೇಲೆ ಇಟ್ಟ ಮೊಟ್ಟೆಗಳನ್ನು ತೆಗೆದು ನೆರಳಲ್ಲಿ ಒಣಗಿಸಬೇಕು. ಕಣ್ಣಿಗೆ ಅವು ಕಾಫಿಪುಡಿ ಚೆಲ್ಲಿದ ಹಾಗೆ ಕಾಣುತ್ತವೆ. ಬೇಕಾದಾಗ ಆ ಕಾಗದವನ್ನು ನೀರಿಗೆ ಹಾಕಿದರೆ ಮರಿಹುಳುಗಳು ನುಲಿದಾಡುತ್ತಾ ಹೊರಬರುತ್ತವೆ. ಅವಕ್ಕೆ ಮೀನಿನ ಆಹಾರದ ಪುಡಿ. ಹಬ್ಬವಿರಲಿ ಹರಿದಿನವಿರಲಿ, ಸೊಳ್ಳೆಯ ಹೊಟ್ಟೆಗೆ ರಜೆ ಇಲ್ಲ.

ಕೆಲಸದ ಕಷ್ಟ ಕಚ್ಚುವುದರಲ್ಲಿಲ್ಲ, ಮನೆಯಲ್ಲಿದೆ. ಸೊಳ್ಳೆ ಬತ್ತಿಯ ಹೊಗೆ ಬಟ್ಟೆಗೆ, ಕೂದಲಿಗೆ ಹತ್ತಿದರೂ ಸಾಕು, ಮಾರನೆಯ ದಿನ ಪಂಜರದಲ್ಲಿ ಹೆಣ ಬೀಳುತ್ತದೆ. ಅದಕ್ಕೇ ಈ ಮನೆಯಲ್ಲಿ ಬತ್ತಿ ಹಚ್ಚುವಂತಿಲ್ಲ, ಕ್ರೀಮು ಹಚ್ಚುವಂತಿಲ್ಲ, ಸೆಂಟು ಒಳಗೆ ಬರುವಂತಿಲ್ಲ. ಗಂಡ ಗೋಡೆಗೆ ಬಣ್ಣ ಬಳಿಯುವವರು. ಟರ್ಪೆಂಟೈನ್ ವಾಸನೆಯ ಬಟ್ಟೆಯನ್ನು ಅಂಗಳದಲ್ಲೇ ಬಿಚ್ಚಿ, ಅಲ್ಲೇ ಮೈತೊಳೆದು ಒಳಗೆ ಬರಬೇಕು. "ಮಳೆ ಇರ್ಲಿ, ಚಳಿ ಇರ್ಲಿ, ನಾನು ಬೀದಿಗೆಲ್ಲ ಸಿನಿಮಾ" ಅನ್ನುತ್ತಾರೆ ಅವರು.

ಅತ್ತೆಗೆ ಎಂಬತ್ತು ದಾಟಿದೆ. ಹಗಲೂ ಸೊಳ್ಳೆ ಪರದೆಯೊಳಗೇ ಕೂತು ಮನೆ ಆಳುತ್ತಾರೆ. ಪರದೆಯೊಳಗಿಂದಲೇ ಸೊಸೆಗೆ ಅವರ ಮಾತು: "ನೋಡೇ, ಅಲ್ಲಿ ಸೊಳ್ಳೆ ಪಂಜರದಲ್ಲಿ, ನೀನು ಆಚೆ. ಇಲ್ಲಿ ನಾನು ಪಂಜರದಲ್ಲಿ, ಸೊಳ್ಳೆ ಆಚೆ. ನಿನ್ನ ಕೈಗೆ ಸಿಕ್ಕಿದ್ರಲ್ಲಿ ಸುಖವಾಗಿರೋದು ಸೊಳ್ಳೆ ಒಂದೇ."

"ಅತ್ತೆ, ನಿಮಗೂ ಬೆಳಿಗ್ಗೆ ಎದ್ದ ತಕ್ಷಣ ತಿಂಡಿ ಕೊಡ್ತೀನಲ್ಲ."

"ತೋಳು ಕೊಡ್ತೀಯಾ?"

ಹಲ್ಲಿಲ್ಲದ ಬಾಯಿಂದ ಅತ್ತೆ ನಗುವುದನ್ನು ನೋಡಿ ಸೊಳ್ಳಕ್ಕ ಕೂಡ ನಗುತ್ತಾರೆ. ನಗದೇ ಇರುವವಳು ಮಗಳು. ಆಕೆಯ ಮದುವೆಯ ದಿನ ಬೆಳಗ್ಗೆ, ನೆಂಟರಿಗೆ ತೊಂದರೆ ಆಗದಿರಲೆಂದು ಮದುವೆ ಹಾಲ್‌ನವರು ಮೂಲೆ ಮೂಲೆಗೂ ಹೊಗೆ ಹಾಕಿಸಿಬಿಟ್ಟಿದ್ದರು. ಹುಡುಗಿಯ ತಾಯಿ ಬಾಗಿಲಲ್ಲೇ ನಿಂತರು. ಹೊಗೆ ಕರಗುವ ತನಕ ಗಂಡಿನ ಕಡೆಯವರನ್ನೂ ರಸ್ತೆಯಲ್ಲೇ ಬರಮಾಡಿಕೊಂಡರು. ಒಳಗೆ ಹೋಗಲೇಬೇಕಾದಾಗ ಕೂದಲು ಒಂದೆಳೆ ಕಾಣದ ಹಾಗೆ ತಲೆಗೆ ಟವೆಲ್ ಬಿಗಿದುಕೊಂಡರು. ಮದುವೆಯ ಅಷ್ಟೂ ಫೋಟೋಗಳಲ್ಲಿ ಹುಡುಗಿಯ ಅಮ್ಮ ಬಚ್ಚಲಿಂದ ಆಗಷ್ಟೇ ಎದ್ದು ಬಂದವರ ಹಾಗಿದ್ದಾರೆ. ಆಲ್ಬಮ್ ನೋಡಿ ಮಗಳು ಕೇಳಿದ ಪ್ರಶ್ನೆ ಒಂದೇ: "ಅಮ್ಮಾ, ನಿಂಗೆ ನಾನು ಹೆಚ್ಚೋ, ಸೊಳ್ಳೆ ಹೆಚ್ಚೋ?"

"ಏನಂತ ಹೇಳ್ಲಿ?" ಅನ್ನುತ್ತಾರೆ ಸೊಳ್ಳಕ್ಕ. "ಅವಳಿಗೆ ಗಂಡ ಇದ್ದಾನೆ, ಅತ್ತೆ ಮಾವ ಇದ್ದಾರೆ. ಇವಕ್ಕೆ ಮಾರನೇ ದಿನ ಬೆಳಗ್ಗೆ ಯಾರಿದ್ರು?" ಈ ಉತ್ತರವನ್ನು ಅವರು ಮಗಳಿಗೆ ಇನ್ನೂ ಹೇಳಿಲ್ಲ.

ಇನ್ನು ಕೇಂದ್ರದ ಕಥೆ. ಇದು ಸರ್ಕಾರಿ ಆಫೀಸಲ್ಲ, ಕಂಪನಿಯೂ ಅಲ್ಲ. ಲಾಭ ಮಾಡುವಂತಿಲ್ಲ, ಖರ್ಚಿಗೆ ವರ್ಷ ವರ್ಷ ಸರ್ಕಾರದ ಅನುದಾನ. ಆದರೆ ಏನು ಪರೀಕ್ಷೆ ಮಾಡಬೇಕು, ಏನು ಹೇಳಬೇಕು ಎಂಬುದರಲ್ಲಿ ಸರ್ಕಾರ ಬಾಯಿ ಹಾಕುವಂತಿಲ್ಲ. ಕೇಂದ್ರ ನಡೆಸುವ ಮೇಡಂ ದಪ್ಪ ಗಾಜಿನ ಕನ್ನಡಕದ, ಸಣ್ಣ ದನಿಯ ಹೆಂಗಸು. ಅವರು ಹೊಸದಾಗಿ ಸೇರಿದವರಿಗೆಲ್ಲ ಒಂದು ಮಾತು ಹೇಳುತ್ತಿದ್ದರಂತೆ: "ನಮ್ಮ ಕೆಲಸ ಏನು ಗೊತ್ತಾ? ಊಟ ಹಾಕಿದವರ ಎದುರಿಗೇ ಕೂತು, ಸಾರಿಗೆ ಉಪ್ಪು ಜಾಸ್ತಿ ಆಗಿದೆ ಅಂತ ಹೇಳೋದು. ಅವರಿಗೆ ಬೇಜಾರಾಗುತ್ತೆ. ಆದ್ರೂ ಹೇಳ್ಬೇಕು. ಅದಕ್ಕೇ ಊಟ ಹಾಕ್ತಿರೋದು."

ಎಷ್ಟೋ ವರ್ಷ ಊಟ ಹಾಕಿದವರು ಬೇಜಾರು ಮಾಡಿಕೊಂಡು, ಉಪ್ಪು ಕಡಿಮೆ ಮಾಡಿದರು. ಹಿಂದೊಮ್ಮೆ ಆಸ್ಪತ್ರೆಗಳಿಗೆ ತರಿಸಿದ ಪರದೆಗಳಲ್ಲಿ ಔಷಧಿಯೇ ಇಲ್ಲ ಎಂದು ಈ ಪಂಜರದ ಸೊಳ್ಳೆಗಳು ಪರದೆಯ ಮೇಲೆ ಆರಾಮಾಗಿ ಕೂತು ತೋರಿಸಿದ್ದವು. ಪರದೆಗಳು ವಾಪಸ್ ಹೋದವು. ಯಾರೂ ಯಾರನ್ನೂ ಬೈಯಲಿಲ್ಲ. ಹಾಗೆ ನಡೆದುಕೊಂಡು ಬಂದಿತ್ತು.

ಆಮೇಲೆ ಆ ಡೆಂಗಿ ಜ್ವರದ ವರ್ಷ ಬಂತು. ಸೊಳ್ಳಕ್ಕನ ಬೀದಿಗೆ ದಿನಾ ಸಂಜೆ ಸೊಳ್ಳೆ ಔಷಧಿ ಉಗುಳುವ ಸರ್ಕಾರದ ಹೊಗೆ ಗಾಡಿ ಬರುತ್ತಿತ್ತು. ಎದುರು ಮನೆ ಕಾಣದಷ್ಟು ಹೊಗೆ. ಆ ಹೊಗೆಯಲ್ಲಿ ಒಬ್ಬರು ದಾರಿ ತಪ್ಪಿ ಪಕ್ಕದ ಮನೆಗೆ ಹೋಗಿ ಊಟ ಮಾಡಿ ಮಲಗಿ, ಬೆಳಗ್ಗೆ ಎದ್ದ ಮೇಲೆ ಹೆಂಡತಿ ಬದಲಾಗಿದ್ದಾಳೆ ಎಂದು ಕಂಡುಕೊಂಡರಂತೆ. ಗಾಡಿ ಬಂದರೆ ಜನ ನೆಮ್ಮದಿಯಾಗಿ ಕಿಟಕಿ ತೆರೆದಿಡುತ್ತಿದ್ದರು, ಸೊಳ್ಳಕ್ಕ ಮಾತ್ರ ಬಾಗಿಲು ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದರು. ಜ್ವರ ಮಾತ್ರ ನಿಲ್ಲಲಿಲ್ಲ. ಪಕ್ಕದ ಮನೆಯ ಟೈಲರ್‌ನ ಸಣ್ಣ ಮಗಳು, ಸೊಳ್ಳಕ್ಕನ ಮನೆಗೆ ಬಂದು ಅತ್ತೆಯ ಪರದೆಯೊಳಗೆ ತೂರಿಕೊಂಡು ಕಥೆ ಕೇಳುತ್ತಿದ್ದ ಹುಡುಗಿ, ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ.

ಅದನ್ನು ಹೇಳುವಾಗ ಸೊಳ್ಳಕ್ಕ ಖಾಲಿ ಪಂಜರದ ಬಲೆ ಒರೆಸುತ್ತಾರೆ. "ಟೈಲರ್ ಹೆಂಡತಿ ನನ್ ಹತ್ರ ಕೇಳಿದ್ಲು, 'ನೀನೇ ತಂದ್ಯೇನೇ ಸೊಳ್ಳೇನ ಸೆರಗಲ್ಲಿ ಕಟ್ಕೊಂಡು?' ಅಂತ. ತಪ್ಪಿಲ್ಲ ಅವಳದು. ಮಗು ಹೋಗಿದೆ, ಯಾರನ್ನಾದ್ರೂ ಕೇಳ್ಬೇಕಲ್ಲ. ನಾನು ಮೇಡಂ ಹತ್ರ ಬಂದು ಅತ್ಬಿಟ್ಟೆ. 'ದಿನಾ ಗಾಡಿ ಬರುತ್ತೆ ಮೇಡಂ, ಹಂಗಿದ್ರೂ ಯಾಕೆ?' ಅಂದೆ."

ಮೇಡಂ ಅದೇ ಬೀದಿಯ ಚರಂಡಿ, ಒಡೆದ ಕುಂಡ, ಹಳೇ ಟೈರುಗಳಿಂದ ಮರಿಹುಳು ತರಿಸಿ ಸಾಕಿದರು. ಹೊಗೆ ಗಾಡಿಯ ಔಷಧಿಯನ್ನೇ ತರಿಸಿದರು. ಪರೀಕ್ಷೆಯ ದಿನ ಸೊಳ್ಳಕ್ಕನ ಸೊಳ್ಳೆಗಳು ಒಂದೂ ಉಳಿಯಲಿಲ್ಲ. ಬೀದಿಯವು ಸ್ವಲ್ಪ ಹೊತ್ತು ಮಂಕಾಗಿ ಕೂತು, ಬಿಸಿನೀರು ಸ್ನಾನ ಮಾಡಿದವರ ಹಾಗೆ ಮೈಮುರಿದು ಎದ್ದು ಹಾರಿದವು. ಮತ್ತೆ ಮತ್ತೆ ಮಾಡಿ ನೋಡಿದರು. ಅದೇ ಕಥೆ. ಗಾಡಿಯಿಂದ ಬೀದಿಗೆ ಬೀಳುತ್ತಿದ್ದದ್ದು ಹೊಗೆ ಮಾತ್ರ. ಮೇಡಂ ಅದನ್ನು ಇದ್ದದ್ದು ಇದ್ದ ಹಾಗೆ ಬರೆದು, ಸರ್ಕಾರಕ್ಕೂ ಕೊಟ್ಟು, ಎಲ್ಲರೂ ಓದುವ ಹಾಗೆ ಪ್ರಕಟಿಸಿಯೂ ಬಿಟ್ಟರು.

ಕೇಂದ್ರ ಮುಚ್ಚಿ ಎಂದು ಯಾರೂ ಹೇಳಲಿಲ್ಲ. ಯಾರೂ ಕೋಪ ಮಾಡಿಕೊಳ್ಳಲಿಲ್ಲ. ಮುಂದಿನ ವರ್ಷದ ಅನುದಾನ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂತು. ಅದರ ಮುಂದಿನ ವರ್ಷವೂ ಅದೇ ಉತ್ತರ. ಪರಿಶೀಲನೆ ಅನ್ನುವುದು ಎಂಥ ಬಾವಿಯೆಂದರೆ, ಕಲ್ಲು ಹಾಕಿದವನ ಮೊಮ್ಮಗ ಬಂದು ಕಿವಿಗೊಟ್ಟರೆ ಆಗ ಡುಳುಕ್ ಅಂತ ಕೇಳಿಸುತ್ತದೆ. ಓದಿದವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಕ್ಯಾಂಟೀನ್ ಮುಚ್ಚಿತು. ಉಳಿದ ಕಾಸು ಈ ತಿಂಗಳ ಕೊನೆಯ ತನಕ ಮಾತ್ರ. ಬೀದಿಯವರಿಗೆ ಇನ್ನೊಂದು ಸಿಟ್ಟು: ಇವರ ಮಾತು ಕೇಳಿ ಗಾಡಿ ನಿಲ್ಲಿಸಿಬಿಟ್ಟರೆ? ಗಾಡಿ ನಿಲ್ಲಲಿಲ್ಲ. ಈಗಲೂ ಸಂಜೆ ಬರುತ್ತದೆ. ಅದು ಕೇಂದ್ರದ ರಸ್ತೆಗೆ ತಿರುಗುವ ಮುಂಚೆ ಸೊಳ್ಳಕ್ಕ ಓಡಿ ಹೋಗಿ ಕಿಟಕಿ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕುತ್ತಾರೆ.

ಗಾಡಿಯಿಂದ ಉಳಿಸಿಕೊಂಡ ವಂಶವನ್ನು ಹೆಚ್ಚುಕಡಿಮೆ ಪೂರ್ತಿ ಕೊಂದದ್ದು ಒಂದು ಕರುಣೆ. ಗೇಟಿನ ವಾಚ್‌ಮನ್ ಬಹಳ ಒಳ್ಳೆಯ ಮನುಷ್ಯ. ಇರುವೆಗೂ ದಾರಿ ಬಿಟ್ಟು ನಡೆಯುವವರು. ಒಂದು ಸಂಜೆ ಮೇಡಂ ಒಬ್ಬರೇ ಜಗಲಿಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಹೊರಗಿನ ಸೊಳ್ಳೆ ಮುತ್ತಿಕೊಂಡು ಕಡಿಯುತ್ತಿತ್ತು. ವಾಚ್‌ಮನ್‌ಗೆ ನೋಡಲಾಗಲಿಲ್ಲ. ಅಂಗಡಿಗೆ ಹೋಗಿ ತಮ್ಮ ಕಾಸಿನಿಂದ ಒಂದು ಬತ್ತಿ ತಂದು, ಮೇಡಂಗೆ ತೊಂದರೆಯಾಗದ ಹಾಗೆ ಜಗಲಿಯ ಮೂಲೆಯಲ್ಲಿ ಹಚ್ಚಿಟ್ಟರು. ಜಗಲಿಯ ಮೂಲೆ ಎಂದರೆ ಸೊಳ್ಳೆ ಕೋಣೆಯ ಗಾಳಿಕಿಂಡಿಯ ಬುಡ. ಸೊಳ್ಳೆ ಸಾಕುವ ಜಾಗದಲ್ಲಿ ಸೊಳ್ಳೆ ಬತ್ತಿ ಹಚ್ಚುವ ತಪ್ಪು ಲೋಕದಲ್ಲಿ ಇನ್ನೆಲ್ಲಿ ನಡೆಯುತ್ತದೆ?

ಬೆಳಗ್ಗೆ ಸೊಳ್ಳಕ್ಕ ಬಾಗಿಲು ತೆರೆದಾಗ ಸದ್ದಿರಲಿಲ್ಲ. ಪಂಜರಗಳ ತಳದಲ್ಲೆಲ್ಲ ಕಪ್ಪು ಹೊಟ್ಟು. ಗಾಳಿಕಿಂಡಿಯಿಂದ ದೂರದ ಮೂಲೆಯ ಒಂದು ಪಂಜರದಲ್ಲಿ ಮಾತ್ರ ಕೆಲವು ಬಲೆ ಹಿಡಿದು ತೂಗಾಡುತ್ತಿದ್ದವು.

"ವಾಚ್‌ಮನ್ ಅಣ್ಣ ಗೇಟ್ ಹತ್ರ ಕೂತು ಮಗು ಥರ ಅಳ್ತಿದ್ರು. 'ಮೇಡಂ ಕಾಲು ಕೆರ್ಕೊಳ್ತಿದ್ರಮ್ಮ, ನಂಗೆ ಹೊಳೀಲೇ ಇಲ್ಲ' ಅಂತ. ಬಾಯಿಗೆ ಬಂದ ಹಾಗೆ ಬೈದೆ. 'ಎಮ್ಮೆ ಮೈಗೆ ಮಳೆ ಹುಯ್ದ ಹಾಗೆ ಇಷ್ಟು ವರ್ಷ ಇಲ್ಲಿದ್ರಾ ನೀವು?' ಅಂದೆ. ಆಮೇಲೆ ಇಬ್ರೂ ಕೂತು ಟೀ ಕುಡಿದ್ವಿ. ಏನ್ ಮಾಡೋದು? ಕರುಣೆ ಬಂದವರನ್ನ ಎಷ್ಟೂಂತ ಬೈಯೋದು."

ಆ ವಾರದಲ್ಲೇ ಕಂಪನಿಯವರು ಬಂದರು. ಹೊಗೆ ಗಾಡಿಗೆ ಔಷಧಿ ಮಾಡಿಕೊಡುವ ಕಂಪನಿ. ಇಬ್ಬರು, ಮುಖ ನೋಡಿಕೊಳ್ಳಬಹುದಾದಂಥ ಬೂಟು. ನಿಮ್ಮ ವಂಶವನ್ನು ನಾವು ಸಾಕುತ್ತೇವೆ, ಹೊಸ ಕೋಣೆ ಕಟ್ಟಿಸುತ್ತೇವೆ, ಈ ಅಮ್ಮನನ್ನೂ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದರು. ಬಹಳ ಮರ್ಯಾದೆಯಿಂದ ಮಾತಾಡಿದರು. ಮೇಡಂ ಯೋಚಿಸುತ್ತೇವೆ ಎಂದು ಕಳಿಸಿಕೊಟ್ಟರು. ಕಾರು ಗೇಟು ದಾಟಿದ ಮೇಲೆ, ಆಗಲ್ಲ ಎಂದರು.

ಇಷ್ಟು ವರ್ಷದಲ್ಲಿ ಮೇಡಂ, ಸೊಳ್ಳಕ್ಕ ಜಗಳವಾಡಿದ್ದು ಅವತ್ತೊಂದೇ ದಿನವಂತೆ. ಅದನ್ನು ಸೊಳ್ಳಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

"ನಾನಂದೆ, 'ಸಾಯೋದಕ್ಕಿಂತ ಅಲ್ಲಿ ಬದುಕಿರ್ಲಿ ಮೇಡಂ. ಸೊಳ್ಳೆಗೇನು ಗೊತ್ತು ಯಾರ ಮನೆ ಅಂತ? ನಾನೂ ಜೊತೇಲಿರ್ತೀನಲ್ಲ.' ಅದಕ್ಕೆ ಮೇಡಂ, 'ನೀನು ಬಾಗಿಲು ಕಾಯ್ತೀಯ, ಬೀಗದ ಕೈ ಅವರ ಹತ್ರ ಇರುತ್ತೆ. ಒಂದು ದಿನ ಬೀದಿ ಸೊಳ್ಳೆ ನಾಲ್ಕು ಒಳಗೆ ಬಿಟ್ರೆ ಸಾಕು, ಸ್ವಲ್ಪ ದಿನಕ್ಕೆ ಇವೂ ಗಟ್ಟಿ ಆಗ್ತವೆ. ಆಮೇಲೆ ಔಷಧಿ ಹಾಕಿದ್ರೆ ಇವೂ ಸಾಯಲ್ಲ, ಬೀದಿಯವೂ ಸಾಯಲ್ಲ, ನೋಡಿ ಎರಡೂ ಒಂದೇ, ಬೀದಿ ಸೊಳ್ಳೆ ಹೊಸದಾಗಿ ಗಟ್ಟಿ ಆಗಿಲ್ಲ ಅಂತ ಬರ್ಕೊಡ್ತಾರೆ. ಆ ಬರಹದ ಮೇಲೆ ನಮ್ಮ ವಂಶದ ಹೆಸರಿರುತ್ತೆ' ಅಂದ್ರು. 'ಹಂಗೇ ಮಾಡ್ತಾರೆ ಅಂತ ನಿಮಗ್ ಹೆಂಗೆ ಗೊತ್ತು?' ಅಂದೆ. 'ಗೊತ್ತಿಲ್ಲ. ಮಾಡಿದ್ರೆ ಕೇಳೋಕೆ ನಾವಿರಲ್ಲ, ಅಷ್ಟೇ ಗೊತ್ತು' ಅಂದ್ರು."

"ನಿಮಗೇನು, ನೀವು ಓದಿದವರು, ಎಲ್ಲಿ ಬೇಕಾದ್ರೂ ಬದುಕ್ತೀರ" ಎಂದುಬಿಟ್ಟರಂತೆ ಸೊಳ್ಳಕ್ಕ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಮನೆಯಲ್ಲೂ ಸಮಾಧಾನ ಸಿಗಲಿಲ್ಲ. ಗಂಡ, "ಬಂದ ಕೆಲಸ ಒದ್ದು ಬಂದ್ಯಾ?" ಎಂದರು. ಪರದೆಯೊಳಗಿಂದ ಅತ್ತೆ, "ಸುಮ್ನಿರೋ. ಅವಳ ಹೊಟ್ಟೆ ಉರೀತಿದೆ, ನೀನು ಸೀಮೆಎಣ್ಣೆ ಸುರೀಬೇಡ" ಎಂದು ಮಗನ ಬಾಯಿ ಮುಚ್ಚಿಸಿದರು. ಕೆಲವು ದಿನ ಸೊಳ್ಳಕ್ಕ ಬೆಳಗ್ಗೆ ತೋಳು ಕೊಡುವುದು, ಮೇಡಂ ಕೋಣೆಯ ಎದುರಿಂದ ಮುಖ ತಿರುಗಿಸಿಕೊಂಡು ಹೋಗುವುದು, ಹೀಗೇ ನಡೆಯಿತು.

ಮೇಡಂ ಆ ದಿನಗಳಲ್ಲಿ ಸುಮ್ಮನೆ ಕೂತಿರಲಿಲ್ಲ. ಗೊತ್ತಿದ್ದವರಿಗೆಲ್ಲ ಫೋನು ಮಾಡುತ್ತಿದ್ದರು. ಇಂಥದೇ ಕೇಂದ್ರವೊಂದರವರು, ನಮ್ಮದೂ ಪರಿಶೀಲನೆಯಲ್ಲಿದೆ ಎಂದರು. ಇನ್ನೊಂದು ಕಡೆಯವರು ನಮಗೆ ಸೊಳ್ಳೆ ಬೇಡ, ನೊಣವಾದರೆ ನೋಡೋಣ ಎಂದರು. ಕೊನೆಗೆ ದೂರದ ಸಣ್ಣ ಕಾಲೇಜೊಂದರ ಮೇಷ್ಟ್ರು ಸಿಕ್ಕರು. ಮೇಡಂ ಕೈಕೆಳಗೆ ಓದಿದವರು. ಮೇಡಂ ಫೋನನ್ನು ಸ್ಪೀಕರಿಗೆ ಹಾಕಿ ಸೊಳ್ಳಕ್ಕನನ್ನು ಕರೆದರು. ಮಾತು ಬಿಟ್ಟಿದ್ದ ಇಬ್ಬರೂ ಒಂದೇ ಮೇಜಿನ ಎರಡು ಬದಿ ನಿಂತು ಕೇಳಿದರು.

"ಮೇಡಂ, ಕೋಣೆ ಇದೆ. ತೋಳಿಲ್ಲ."

"ನಿಮ್ದು?" ಎಂದರು ಸೊಳ್ಳಕ್ಕ, ನಡುವೆ ಬಾಯಿ ಹಾಕಿ.

ಆ ಕಡೆಯಿಂದ ಕುರ್ಚಿ ಸರಿದ ಸದ್ದು. ಆಮೇಲೆ, "ಮನೇಲಿ ಕೇಳಿ ಹೇಳ್ತೀನಿ" ಎಂಬ ಉತ್ತರ ಬಂತು. ಮೇಡಂ ನಕ್ಕರು. ಸೊಳ್ಳಕ್ಕನೂ ನಕ್ಕರು. ಜಗಳ ಅಲ್ಲಿಗೆ ಮುಗಿಯಿತು. ಮೇಷ್ಟ್ರ ಹೆಂಡತಿ, ಬಲಗೈ ಬೇಡ, ಎಡಗೈ ಆದರೆ ಆಗಲಿ ಎಂದರಂತೆ.

ಬದುಕಿರುವ ಸೊಳ್ಳೆಯನ್ನು ಅಷ್ಟು ದೂರ ಕಳಿಸುವ ಹಾಗಿಲ್ಲ. ದಾರಿಯ ಬಿಸಿಲಿಗೆ ಉಳಿಯುವುದಿಲ್ಲ. ಒಣ ಮೊಟ್ಟೆ ಹೋಗಬಲ್ಲದು. ಆದರೆ ಬತ್ತಿಯ ಹೊಗೆ ಕುಡಿದು ಉಳಿದ ತಾಯಂದಿರು ಇಟ್ಟ ಮೊಟ್ಟೆ ಅವು. ಇಲ್ಲಿ ಕೆಲವನ್ನು ನೀರಿಗೆ ಹಾಕಿ ನೋಡಿದಾಗ ಒಂದು ಕಾಗದದಿಂದ ಮರಿ ಬಂತು, ಮೂರರಿಂದ ಬರಲಿಲ್ಲ. ಉಳಿದವನ್ನು ಮತ್ತೆ ಪರೀಕ್ಷೆ ಮಾಡುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಕಾಗದದ ಪಟ್ಟಿಗಳನ್ನು ಹತ್ತಿಯ ನಡುವೆ ಇಟ್ಟು, ಡಬ್ಬಿಗೆ ತುಂಬಿ, ಬಸ್ಸಿನ ಪಾರ್ಸೆಲ್‌ಗೆ ಸೊಳ್ಳಕ್ಕನೇ ಒಯ್ದರು. ಕಂಡಕ್ಟರ್ ಒಳಗೇನು ಎಂದು ಕೇಳಿದ. ಸೊಳ್ಳೆ ಮೊಟ್ಟೆ ಎಂದರು. "ಬೆಳಗ್ಗೆ ಬೆಳಗ್ಗೆ ತಮಾಷೆ ಬೇಡ ಅಮ್ಮ" ಎಂದು ಆತ ಡಬ್ಬಿಯನ್ನು ಸೀಟಿನಡಿ ತಳ್ಳಿದ. "ಸ್ವಲ್ಪ ನೆರಳಲ್ಲಿಡಪ್ಪಾ" ಎಂದು ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೆ ನಿಂತಿದ್ದರು.

ತಿಂಗಳ ಕೊನೆಯ ದಿನ. ಬೆಳಗ್ಗೆ ಬಂದವರೇ ಮೂಲೆಯ ಪಂಜರಕ್ಕೆ ತೋಳು ಕೊಡುತ್ತಾರೆ. ಬಾಗಿಲಲ್ಲಿ ನಿಂತ ಮೇಡಂ ಕೇಳುತ್ತಾರೆ, "ಇವತ್ತು ಯಾಕಮ್ಮ? ಮಧ್ಯಾಹ್ನಕ್ಕೆ ಹೇಗೂ..."

"ಹಸಿದ ಹೊಟ್ಟೇಲಿ ಕಳಿಸ್ಬಾರ್ದು ಮೇಡಂ."

ಎಲ್ಲ ಕುಡಿದು ಭಾರವಾಗಿ ಬಲೆಯ ಮೇಲೆ ಕೂತ ಮೇಲೆ ಪಂಜರವನ್ನು ಎತ್ತಿಕೊಂಡು ಹೋಗಿ ಐಸ್ ಪೆಟ್ಟಿಗೆಯಲ್ಲಿಡುತ್ತಾರೆ. ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾರೆ, ಒಳಗಿನಿಂದ ಯಾರಾದರೂ ತಟ್ಟಿಯಾರು ಎಂಬ ಹಾಗೆ. ಮೇಡಂ ಹೀಟರಿನ ಸ್ವಿಚ್ ಆರಿಸುತ್ತಾರೆ. ಯಾವ ಕಾಲದಿಂದಲೋ ಬೆಚ್ಚಗಿದ್ದ ಕೋಣೆ ಸಂಜೆಯ ಹೊತ್ತಿಗೆ ಎಲ್ಲ ಕೋಣೆಗಳ ಹಾಗೆ ತಣ್ಣಗಾಗುತ್ತದೆ. ವಾಚ್‌ಮನ್ ಬೀಗ ಹಾಕುತ್ತಾರೆ.

ಪಾರ್ಸೆಲ್ ತಲುಪಿದೆ. ಮೊಟ್ಟೆಗಳನ್ನು ನೀರಿಗೆ ಹಾಕಿದ್ದೂ ಆಗಿದೆ ಎಂದು ಮೇಷ್ಟ್ರು ತಿಳಿಸಿದ್ದಾರೆ. ಒಂದೆರಡು ದಿನದಲ್ಲಿ ಒಡೆಯಬೇಕಾದವು. ಆ ಒಂದೆರಡು ದಿನ ಕಳೆದು ಮೇಲೆ ಒಂದು ವಾರವೂ ಆಗಿದೆ. ಸೊಳ್ಳಕ್ಕ ಈಗ ಒಂದು ನರ್ಸಿಂಗ್ ಹೋಮಿನಲ್ಲಿ ನೆಲ ಒರೆಸುತ್ತಾರೆ. ತೋಳಿನ ಮೇಲಿನ ಕೆಂಪು ಚುಕ್ಕೆಗಳು ಮಾಸುತ್ತಿವೆ. ಬೆಳಗ್ಗೆ ಎಚ್ಚರ ಮಾತ್ರ ಅದೇ ಹೊತ್ತಿಗೆ ಆಗುತ್ತದೆ. ಎದ್ದು, ಮೊಬೈಲನ್ನು ಸಿಗ್ನಲ್ ಚೆನ್ನಾಗಿ ಸಿಗುವ ಕಿಟಕಿಯ ಮೇಲಿಟ್ಟು, ಅದರ ಎದುರು ಕೂರುತ್ತಾರೆ.

ನೀವೇ ಒಂದು ಫೋನು ಮಾಡಿ ಕೇಳಬಹುದಲ್ಲ ಎಂದರೆ ತಲೆಯಾಡಿಸುತ್ತಾರೆ.

"ನಾನು ಮಾಡಲ್ಲ. ಮಾಡಿದ್ರೆ ಮೇಷ್ಟ್ರು ಏನಾದ್ರೂ ಹೇಳ್ಬೇಕಾಗುತ್ತೆ. ನಾನು ಅವರಿಗೆ ಅವತ್ತೇ ಹೇಳಿದ್ದೀನಿ, ನೀರಲ್ಲಿ ಒಂದೇ ಒಂದು ಮರಿ ಮಿಸುಕಿದ್ರೂ ಒಂದು ಮಿಸ್ಡ್ ಕಾಲ್ ಕೊಡಿ, ಸಾಕು, ಮಾತು ಬೇಡ ಅಂತ. ರಿಂಗ್ ಆದ್ರೆ ಬದುಕಿದೆ ಅಂತ. ಆಗ್ಲಿಲ್ಲ ಅಂದ್ರೆ... ಇನ್ನೂ ಆಗಿಲ್ಲ ಅಂತ, ಅಷ್ಟೇ."